ತೀರ್ಥನ್ ನದಿಯಲ್ಲಿ ಮೂರು ದಿನ ಫ್ಲೈ ಫಿಶಿಂಗ್: ಗೈಡ್‌ಗೆ ಐದಕ್ಕೆ ಐದು, ಜೊತೆಗಾರರದ್ದು ಬೇರೆ ಲೆಕ್ಕ

ಮೊದಲೇ ಮಾರ್ಕ್ಸ್ ಹೇಳಿಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ. ಗೈಡ್ ಹುಡುಗನಿಗೆ ಐದಕ್ಕೆ ಐದು. ಉಳಿದುಕೊಂಡ ಹೋಮ್‌ಸ್ಟೇಗೆ ಮೂರೂವರೆ. ಅವರೇ ಬಾಡಿಗೆಗೆ ಕೊಟ್ಟ ವೇಡರ್‌ಗೆ (ಎದೆಯವರೆಗೆ ಬರುವ, ನೀರು ಒಳಗೆ ಬಾರದ ಪ್ಯಾಂಟು) ಒಂದು, ಅದೂ ಎಡಗಾಲು ಸೋರಲಿಲ್ಲ ಅನ್ನುವ ಕಾರಣಕ್ಕೆ. ಜೊತೆಗೆ ಬಂದ ಮೂವರಿಗೆ ಎಷ್ಟು ಕೊಡಬೇಕು ಅನ್ನೋದು ಮೂರು ದಿನದಲ್ಲಿ ಮೂರು ಸಲ ಬದಲಾಯಿತು. ಅದಕ್ಕೇ ಇದು ಇಷ್ಟು ಉದ್ದವಾಗಿದೆ.

ಫ್ಲೈ ಫಿಶಿಂಗ್‌ಗೆ, ಅಂದರೆ ಹುಳದ ಹಾಗೆ ಮಾಡಿದ ಗಾಳ ಬೀಸಿ ಮೀನು ಹಿಡಿಯಲು, ಹೋಗಿದ್ದು ಹಿಮಾಚಲದ ಕುಲ್ಲು ಜಿಲ್ಲೆಯ ತೀರ್ಥನ್ ಕಣಿವೆಗೆ, ಅಕ್ಟೋಬರ್ ಮಧ್ಯದಲ್ಲಿ. ಬೆಂಗಳೂರಿನಿಂದ ಚಂಡೀಗಢಕ್ಕೆ ವಿಮಾನ, ಅಲ್ಲಿಂದ ಟ್ಯಾಕ್ಸಿಯಲ್ಲಿ ಮನಾಲಿ ರಸ್ತೆ. ಔಟ್ ಅನ್ನುವ ಊರಿನ ಹತ್ತಿರ ದೊಡ್ಡ ಸುರಂಗ ಬರುತ್ತದೆ. ಅದರೊಳಗೆ ಹೋಗದೆ ಪಕ್ಕದ ರಸ್ತೆ ಹಿಡಿದರೆ ಲಾರ್ಜಿ, ಆಮೇಲೆ ಬಂಜಾರ್, ಆಮೇಲೆ ಗುಶೈನಿ. ತೀರ್ಥನ್ ನದಿ ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕ್ ಒಳಗೆ ಹುಟ್ಟಿ ಲಾರ್ಜಿ ಹತ್ತಿರ ಬಿಯಾಸ್ ನದಿ ಸೇರುತ್ತದೆ. ಈ ಪಾರ್ಕ್‌ಗೆ 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟ ಸಿಕ್ಕಿದೆ. ನದಿಗೆ ಜಲವಿದ್ಯುತ್ ಯೋಜನೆಗಳು ಬರುವುದರಲ್ಲಿದ್ದವಂತೆ, ಊರಿನವರೇ ಕೋರ್ಟಿಗೆ ಹೋಗಿ ತಡೆದರು. ನೀರು ನೋಡಿದರೆ ಆ ಜಗಳ ಯಾಕೆ ಬೇಕಿತ್ತು ಅಂತ ಗೊತ್ತಾಗುತ್ತದೆ. ಎದೆಮಟ್ಟದ ನೀರಿನ ತಳದಲ್ಲಿರುವ ಕಲ್ಲಿನ ಬಣ್ಣ ದಡದಿಂದಲೇ ಕಾಣುತ್ತದೆ.

ಇಲ್ಲಿನ ಮೀನು ಟ್ರೌಟ್. ಜಾಸ್ತಿ ಸಿಗೋದು ಬ್ರೌನ್ ಟ್ರೌಟ್, ಮೈಮೇಲೆ ಕಪ್ಪು ಮತ್ತು ಕೆಂಪು ಚುಕ್ಕೆ. ಇದು ನಮ್ಮ ದೇಶದ ಮೀನಲ್ಲ, ಬ್ರಿಟಿಷರು ಯುರೋಪಿನಿಂದ ಮೊಟ್ಟೆ ತರಿಸಿ ಮರಿ ಮಾಡಿ ಬಿಟ್ಟಿದ್ದು. ಕುಲ್ಲುವಿಗೆ ಬಂದು ನೂರು ವರ್ಷದ ಮೇಲಾಯಿತು, ಈಗ ಅದೇ ಊರಿನವರ ಮೀನಾಗಿದೆ. ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕೇ ಬೇಕು. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಗಾಳ ಹಾಕುವಂತಿಲ್ಲ, ಅದು ಟ್ರೌಟ್ ಮೊಟ್ಟೆ ಇಡುವ ಕಾಲ. ಲೈಸೆನ್ಸ್ ಕೆಲಸವನ್ನು ಗೈಡ್ ನಾವು ಬರುವ ಮೊದಲೇ ಮುಗಿಸಿಟ್ಟಿದ್ದ. ಅದಕ್ಕೆ ಮೊದಲ ಸ್ಟಾರ್.

ಈಗ ಜೊತೆಗಾರರ ವಿಷಯ. ಕಾವೇರಿಯಲ್ಲಿ ಗಾಳ ಹಾಕಿದವರಿಗೆ ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಅಲ್ಲಿ ಬಂಡೆ ಮೇಲೆ ಕೂತು, ಇಲ್ಲಾ ತೆಪ್ಪದಲ್ಲಿ ಕೂತು, ರಾಗಿ ಉಂಡೆ ಕಟ್ಟಿ ಎಸೆದು ಕಾಯುತ್ತೀರಿ. ಪಕ್ಕದವನು ಎಂಥವನಾದರೂ ನಡೆಯುತ್ತದೆ, ಮಾತು ಬೇಡ ಅನ್ನಿಸಿದರೆ ಟೋಪಿ ಮುಖದ ಮೇಲೆಳೆದು ಮಲಗಬಹುದು. ಫ್ಲೈ ಫಿಶಿಂಗ್‌ನಲ್ಲಿ ಹಾಗಾಗೋದಿಲ್ಲ. ಇಡೀ ದಿನ ನಡೆಯುತ್ತಿರುತ್ತೀರಿ, ಅದೂ ಹೊಳೆಯೊಳಗೆ. ಟ್ರೌಟ್ ಹರಿವಿಗೆ ಎದುರಾಗಿ ಮೂತಿ ಇಟ್ಟು ನಿಂತಿರುತ್ತದೆ, ಮೇಲಿನಿಂದ ತೇಲಿ ಬರುವ ಹುಳ ಹಿಡಿಯಲು. ಹಾಗಾಗಿ ನಾವು ಕೆಳಗಿನಿಂದ, ಅದರ ಬೆನ್ನ ಹಿಂದಿನಿಂದ ಮೇಲಕ್ಕೆ ಹೋಗಬೇಕು. ಮುಂದೆ ಹೋದವನಿಗೆ ಯಾರೂ ಕಲಕದ ನೀರು, ಹಿಂದೆ ಬಂದವನಿಗೆ ಹೆದರಿ ಓಡಿದ ಮೀನು. ಅಂದರೆ ಯಾರು ಮುಂದೆ, ಯಾರು ಹಿಂದೆ, ಒಂದು ಮಡುವಿನಲ್ಲಿ ಎಷ್ಟು ಹೊತ್ತು, ಇದೇ ಇಡೀ ರಾಜಕೀಯ. ಮದುವೆ ಊಟದ ಪಂಕ್ತಿಯಲ್ಲಿ ಮನುಷ್ಯನ ಗುಣ ಗೊತ್ತಾಗುತ್ತದೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಅವಳು ಈ ಹೊಳೆ ನೋಡಿರಲಿಲ್ಲ.

ನಾವು ನಾಲ್ಕು ಜನ. ಹೆಸರು ಬೇಡ, ಓದಿದರೆ ಬೈಯ್ಯುತ್ತಾರೆ.

ಒಬ್ಬನನ್ನು ಸಾಮಾನು ಸರದಾರ ಅನ್ನೋಣ. ಆಫೀಸಿನ ಗೆಳೆಯ. ಮೂರು ದಿನಕ್ಕೆ ಮೂರು ರಾಡ್ ತಂದಿದ್ದ. ಒಂದು 4 ವೇಟ್ (ಎಷ್ಟು ಭಾರದ ದಾರಕ್ಕೆ ಆ ರಾಡ್ ಅನ್ನುವ ಅಳತೆ), ಒಂದು 5 ವೇಟ್, ಇವೆರಡೂ ಸರಿ, ಟ್ರೌಟ್‌ಗೆ ಅವೇ ಬೇಕು. ಮೂರನೆಯದು 8 ವೇಟ್, ಅದು ಮಹಶೀರ್‌ನಂಥ ದೊಡ್ಡ ಮೀನಿಗೆ. ಗೇಣುದ್ದದ ಟ್ರೌಟ್‌ಗೆ ಅದನ್ನು ತರೋದು ಸೊಳ್ಳೆ ಹೊಡೆಯಲು ಒನಕೆ ತಂದ ಹಾಗೆ. ಇನ್ನು ಫ್ಲೈಗಳು: ಆರು ಡಬ್ಬಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಫ್ಲೈ ಅಂದರೆ ಪುಟ್ಟ ಕೊಕ್ಕೆಗೆ ಹಕ್ಕಿಗರಿ, ಪ್ರಾಣಿಯ ಕೂದಲು, ದಾರ ಸುತ್ತಿ ಹುಳದ ಹಾಗೆ ಮಾಡಿದ ಗಾಳ. ಅದಕ್ಕೆ ತೂಕವೇ ಇಲ್ಲ. ಮಾಮೂಲಿ ಗಾಳದಲ್ಲಿ ತುದಿಯ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ, ಇಲ್ಲಿ ದಪ್ಪ ದಾರದ ಭಾರವೇ ಫ್ಲೈಯನ್ನು ಹೊತ್ತು ಹೋಗಬೇಕು. ಅದಕ್ಕೇ ಆ ಹಿಂದೆ ಮುಂದೆ ಬೀಸುವುದೆಲ್ಲ.

ಸರದಾರ ಮೊದಲ ಬೆಳಿಗ್ಗೆ ನೀರಿಗಿಳಿಯಲು ಐವತ್ತು ನಿಮಿಷ ತೆಗೆದುಕೊಂಡ. ಯಾವ ಫ್ಲೈ ಕಟ್ಟಬೇಕು ಅನ್ನೋದೇ ಮುಗಿಯಲಿಲ್ಲ. ಎಲ್ಕ್ ಹೇರ್ ಕ್ಯಾಡಿಸ್ ಕಟ್ಟಿದ, ಬಿಚ್ಚಿದ. ಫೆಸೆಂಟ್ ಟೇಲ್ ಕಟ್ಟಿದ, ಕಲ್ಲು ಮಗುಚಿ ಕೆಳಗಿನ ಹುಳ ನೋಡಿದ, ಬಿಚ್ಚಿದ. ನನಗೆ ತಲೆ ಕೆಟ್ಟುಹೋಯಿತು. ಮೊದಲ ದಿನ ಅವನಿಗೆ ಐದಕ್ಕೆ ಎರಡು ಕೊಟ್ಟಿದ್ದೆ.

ಇನ್ನೊಬ್ಬ ಅವಸರದವನು. ಕಾಲೇಜು ಗೆಳೆಯ, ಒಳ್ಳೆಯವನೇ, ಆದರೆ ಲಿಫ್ಟ್ ಬಾಗಿಲು ತೆರೆಯುವ ಮೊದಲೇ ಒಳಗೆ ನುಗ್ಗುವ ಜಾತಿ. ಗೈಡ್ ಒಂದು ಮಡು ತೋರಿಸಿ, ಇಲ್ಲಿ ಒಳ್ಳೆಯ ಮೀನಿದೆ, ನಿಧಾನ, ಬಗ್ಗಿ ಬನ್ನಿ ಅಂತ ಹೇಳುತ್ತಿದ್ದಾನೆ, ಇವನು ಆಗಲೇ ಮಡುವಿನ ತಲೆಯ, ಅಂದರೆ ನೀರು ಒಳಬರುವ ಕಡೆಯ, ಬಂಡೆ ಮೇಲೆ ನಿಂತಿದ್ದಾನೆ, ಕೆಂಪು ಜಾಕೆಟ್ ಹಾಕಿಕೊಂಡು. ನೀರಿನಲ್ಲಿ ನಾಲ್ಕೈದು ನೆರಳು ಸರ್ರಂತ ಹೋದವು. ಗೈಡ್ ಏನೂ ಅನ್ನಲಿಲ್ಲ, ನನ್ನ ಮುಖ ನೋಡಿ ಸುಮ್ನೆ ನಕ್ಕ. ಮಧ್ಯಾಹ್ನ ಅವಸರದವನು ಹಿಂದೆ ಯಾರಿದ್ದಾರೆ ಅಂತ ನೋಡದೆ ಬೀಸಿ ತನ್ನದೇ ಕಿವಿಗೆ ಕೊಕ್ಕೆ ಸಿಕ್ಕಿಸಿಕೊಂಡ. ಹಿಂದೆ ನಾನಿದ್ದೆ, ದೇವರ ದಯೆಯಿಂದ ಎರಡು ಮಾರು ಆಚೆ.

ಆಗ ಸರದಾರನ ಚೀಲ ಬಾಯಿ ತೆರೆಯಿತು. ಫೋರ್ಸೆಪ್ಸ್ ಇತ್ತು, ಡೆಟಾಲ್ ಇತ್ತು, ಬ್ಯಾಂಡೇಜ್ ಇತ್ತು. ಇನ್ನೂ ಮುಖ್ಯ, ಹಿಂದಿನ ರಾತ್ರಿ ನಾವೆಲ್ಲ ಹರಟುತ್ತಿದ್ದಾಗ ಅವನು ಕೂತು ಎಲ್ಲರ ಫ್ಲೈಗಳ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿದ್ದ. ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳಿರುತ್ತದಲ್ಲ, ಅದು. ಮೀನನ್ನು ನೋಯಿಸದೆ ಬಿಡಲು ಹಾಗೆ ಮಾಡುತ್ತಾರೆ, ಕಿವಿಗೂ ಅದೇ ನ್ಯಾಯ. ಬಂದ ದಾರಿಯಲ್ಲೇ ನುಸುಳಿ ಹೊರಬಂತು. ಮುಳ್ಳಿದ್ದಿದ್ದರೆ ಬಂಜಾರ್ ಆಸ್ಪತ್ರೆಗೆ ಓಡಬೇಕಿತ್ತು. ಸರದಾರನ ಎರಡು ಸ್ಟಾರ್ ಅಲ್ಲೇ ನಾಲ್ಕಾಯಿತು. ಐವತ್ತು ನಿಮಿಷದ್ದು ಇನ್ನೂ ಮರೆತಿಲ್ಲ, ಅದಕ್ಕೆ ಐದು ಕೊಡಲಿಲ್ಲ.

ಮೂರನೆಯವರು ಸರದಾರನ ಸೋದರಮಾವ. ಅರವತ್ತೆಂಟು ವರ್ಷ, ಕೊಡಗಿನವರು, ಕಾಫಿ ತೋಟದ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎಲ್ಲರೂ ಮಾವ ಅಂತಲೇ ಕರೆದೆವು, ಎರಡನೇ ದಿನಕ್ಕೆ ಗೈಡ್ ಕೂಡ ಮಾವ್‌ಜೀ ಅನ್ನತೊಡಗಿದ. ಇವರು ಫ್ಲೈ ರಾಡ್ ಮುಟ್ಟಿದ್ದೇ ಇಲ್ಲ. ಕಾವೇರಿಯಲ್ಲಿ ವಾಲ್ನೂರು ಕಡೆ ರಾಗಿ ಹಿಟ್ಟು ಬೇಯಿಸಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಬಿಳಿಮೀನು ಹಿಡಿದವರು. ನಮ್ಮ ಕಡೆ ಮಹಶೀರ್‌ಗೆ ಬಿಳಿಮೀನು ಅನ್ನುತ್ತಾರೆ. ಕಾವೇರಿಯ ಆ ಡುಬ್ಬದ ಮಹಶೀರ್ ಈಗ ಎಷ್ಟು ಕಡಿಮೆಯಾಗಿದೆ ಅಂದರೆ 2018ರಲ್ಲಿ ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಭೀಮೇಶ್ವರಿ, ಗಾಳಿಬೋರೆಯ ಆ ಹಳೇ ಗಾಳದ ಕ್ಯಾಂಪ್‌ಗಳ ಕಥೆಯೂ ಮುಗಿದು ಎಷ್ಟೋ ವರ್ಷವಾಯಿತು. ಮಾವ ಅದರ ಬಗ್ಗೆ ಬೇಜಾರು ಮಾಡಿಕೊಂಡೇ ಮಾತಾಡುತ್ತಾರೆ, ಆದರೆ ನಿಲ್ಲಿಸೋದಿಲ್ಲ. ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ 120 ಪೌಂಡಿನ ಮಹಶೀರ್ ಹಿಡಿದದ್ದು ಎಲ್ಲರಿಗೂ ಗೊತ್ತಿರುವ ದಾಖಲೆ. ಮಾವನ ಸ್ವಂತ ದಾಖಲೆ ಮಾತ್ರ ಬೆಳಿಗ್ಗೆ ಚಹಾ ಹೊತ್ತಿಗೆ 30 ಪೌಂಡ್ ಇದ್ದದ್ದು ರಾತ್ರಿ ಊಟದ ಹೊತ್ತಿಗೆ 45 ಆಗಿರುತ್ತಿತ್ತು.

ನೀರಿನಲ್ಲಿ ಮಾವ ಹೇಗೆ ಅಂದರೆ, ಕಷ್ಟ. ಮಹಶೀರ್ ಕಚ್ಚಿದಾಗ ಮೈಯೆಲ್ಲ ಹಿಂದಕ್ಕೆ ಹಾಕಿ ಎಳೆದು ಅಭ್ಯಾಸ. ಟ್ರೌಟ್‌ಗೆ ನಾವು ಕಟ್ಟುವ ತುದಿದಾರ ತಲೆಗೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ, ರಾಡ್ ತುದಿಯನ್ನು ಮೆಲ್ಲಗೆ ಎತ್ತಿದರೆ ಸಾಕು. ಮಾವ ಎತ್ತಿದರೆ ಟಪ್ ಅಂತ ದಾರ ತುಂಡಾಗಿ ಫ್ಲೈ ಮೀನಿನ ಜೊತೆ ಹೋಗುತ್ತಿತ್ತು. ಮೊದಲ ದಿನ ಐದು, ಎರಡನೇ ದಿನ ನಾಲ್ಕು ಫ್ಲೈ ಹೋದವು, ಎಲ್ಲವೂ ಸರದಾರನ ಡಬ್ಬಿಯವು. ಸರದಾರ ಒಂದೊಂದಕ್ಕೂ ಸಣ್ಣಗೆ ನರಳುತ್ತಿದ್ದ. ಮಾವ ಮಾತ್ರ ಪ್ರತಿಸಲ, "ಹೋಯ್ತು ನೋಡಿ!" ಅಂತ ಕೂಗಿ ನಗುತ್ತಿದ್ದರು, ಕಳಕೊಂಡವರು ಬೇರೆ ಯಾರೋ ಅನ್ನುವ ಹಾಗೆ.

ಆದರೂ ಇವರಿಗೆ ಮೊದಲ ದಿನದಿಂದಲೇ ಐದು. ಯಾಕೆ ಅಂದರೆ, ಬೇರೆಯವರಿಗೆ ಮೀನು ಬಿದ್ದರೆ ಎದ್ದು ಕುಣಿಯುವ ಜೊತೆಗಾರ ಸಿಗೋದು ಅಪರೂಪ. ಉಳಿದವರು, ನನ್ನನ್ನೂ ಸೇರಿಸಿ, "ಸೂಪರ್ ಮಗಾ" ಅನ್ನುವಾಗ ಮುಖದಲ್ಲಿ ಸ್ವಲ್ಪ ಹುಳಿ ಇರುತ್ತದೆ, ಅಲ್ವಾ? ಮಾವನಿಗೆ ಅದಿಲ್ಲ. ಜೊತೆಗೆ ಮಡಿಕೇರಿಯಿಂದ ಕಾಫಿಪುಡಿ, ಸ್ಟೀಲ್ ಫಿಲ್ಟರ್ ತಂದಿದ್ದರು. ಬೆಳಿಗ್ಗೆ ಹೋಮ್‌ಸ್ಟೇ ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಸಿ ಫ್ಲಾಸ್ಕಿಗೆ ತುಂಬುತ್ತಿದ್ದರು. ಹನ್ನೊಂದು ಗಂಟೆಗೆ ಕಾಲು ಮರಗಟ್ಟಿ ಬಂಡೆ ಮೇಲೆ ಕೂತಾಗ ಆ ಕಾಫಿಗೆ ನಾನು ಬೇರೆ ಹತ್ತು ಸ್ಟಾರ್ ಕೊಡುತ್ತೇನೆ. ಒಂದೇ ತಕರಾರು ಗೊರಕೆ. ಹೊಳೆಯ ಸದ್ದನ್ನೂ ಮೀರಿ ಕೇಳಿಸುತ್ತದೆ.

ಈಗ ನಾಲ್ಕನೆಯವನು, ಅಂದರೆ ನಾನು. ನಾನು ಒಳ್ಳೆಯ ಜೊತೆಗಾರ ಅಂತಲೇ ಅಂದುಕೊಂಡಿದ್ದೆ. ಮೂರು ವರ್ಷದಿಂದ ಕಲಿಯುತ್ತಿದ್ದೇನೆ, ಹೊಸಬರಿಗೆ ಹೇಳಿಕೊಡುತ್ತೇನೆ. ರಾಡ್ ಹಿಂದಕ್ಕೆ ಗಡಿಯಾರದ ಎರಡು ಗಂಟೆ ದಾಟಬಾರದು, ಮಣಿಕಟ್ಟು ಬಾಗಬಾರದು, ಹಿಂದೆ ದಾರ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಬೇಕು, ನೀರಿಗೆ ಬಿದ್ದ ಮೇಲೆ ದಾರವನ್ನು ಹರಿವು ಬರುವ ಕಡೆಗೆ ಮಗುಚಿ ಹಾಕಬೇಕು, ಇಲ್ಲವಾದರೆ ಹರಿವು ದಾರವನ್ನು ಎಳೆದು ಫ್ಲೈ ಹುಳದ ಹಾಗೆ ತೇಲದೆ ಮೋಟಾರ್ ಬೋಟ್ ಹಾಗೆ ಓಡುತ್ತದೆ. ಎಲ್ಲ ಸರಿಯಾದ ಮಾತೇ. ಇದನ್ನು ಅವಸರದವನಿಗೆ ಬೆಳಿಗ್ಗೆಯಿಂದ ಸಂಜೆವರೆಗೆ ಹೇಳಿದೆ. ಮಾವನಿಗೂ ಹೇಳಿದೆ. ಸರದಾರನಿಗೂ ಒಂದೆರಡು ಸಲ ಹೇಳಿರಬೇಕು.

ಎರಡನೇ ದಿನ ಬೆಳಿಗ್ಗೆ ಗೈಡ್ ನನ್ನನ್ನು ಪಕ್ಕಕ್ಕೆ ಕರೆದು, ಸರ್ ನಿಮಗೆ ಸ್ಪೆಷಲ್ ಜಾಗ ತೋರಿಸುತ್ತೇನೆ ಅಂದ. ತೂಗುಸೇತುವೆ ದಾಟಿಸಿ ಆಚೆ ದಡಕ್ಕೆ ಕರೆದುಕೊಂಡು ಹೋಗಿ ಬಿಟ್ಟ. ಹಿಂದೆ ಮರಗಳು ಒತ್ತಾಗಿವೆ, ಹಿಂದಕ್ಕೆ ಬೀಸಲು ಜಾಗವಿಲ್ಲ, ರೋಲ್ ಕ್ಯಾಸ್ಟ್, ಅಂದರೆ ಹಿಂದಕ್ಕೆ ಬೀಸದೆ ದಾರವನ್ನು ಮುಂದಕ್ಕೆ ಉರುಳಿಸಿ ಎಸೆಯೋದು, ಬರುವವರಿಗೆ ಮಾತ್ರ ಆ ಜಾಗ. ನನಗೆ ಹೆಮ್ಮೆಯಾಯಿತು. ಅರ್ಧ ಗಂಟೆ ಆದಮೇಲೆ ಹೊಳೆದದ್ದು: ಅಲ್ಲಿಂದ ಎಷ್ಟು ಕೂಗಿದರೂ ನದಿಯ ಸದ್ದಿನಲ್ಲಿ ಈಚೆ ದಡದವರಿಗೆ ಒಂದಕ್ಷರ ಕೇಳಿಸೋದಿಲ್ಲ. ಅವಸರದವನ ಮಣಿಕಟ್ಟು ಬಾಗುತ್ತಿರುವುದು ನನಗೆ ಕಾಣುತ್ತಿದೆ, ಹೇಳಲು ಆಗುತ್ತಿಲ್ಲ. ಹನ್ನೊಂದು ಗಂಟೆಯೊಳಗೆ ಅವನಿಗೆ ಮೊದಲ ಮೀನು ಸಿಕ್ಕಿತು. ನನಗೂ ಆವತ್ತು ಮೂರು ಸಿಕ್ಕವು, ಅದು ಬೇರೆ ಮಾತು. ನನಗೆ ನಾನು ಎರಡೂವರೆ ಕೊಟ್ಟುಕೊಂಡೆ.

ಗೈಡ್‌ಗೆ ಐದಕ್ಕೆ ಐದು ಅಂದದ್ದು ಇದಕ್ಕೇ. ಮೀನೆಲ್ಲಿದೆ ಅಂತ ತೋರಿಸುವ ಗೈಡ್‌ಗಳು ಸಿಗುತ್ತಾರೆ, ಹೊಳೆ ಪಕ್ಕದಲ್ಲೇ ಬೆಳೆದ ಹುಡುಗರಿಗೆ ಅದು ಕಷ್ಟವೇನಲ್ಲ. ಯಾರನ್ನು ಎಲ್ಲಿ ನಿಲ್ಲಿಸಬೇಕು ಅಂತ ಒಂದೇ ದಿನದಲ್ಲಿ ಅಳೆದುಬಿಡೋದು ಬೇರೆ ವಿದ್ಯೆ. ಅವಸರದವನನ್ನು ಅವನು ಮಡುಗಳ ಹತ್ತಿರ ಬಿಡಲೇ ಇಲ್ಲ. ದೊಡ್ಡ ದೊಡ್ಡ ಕಲ್ಲುಗಳ ನಡುವೆ ನೊರೆ ಎದ್ದು ಹರಿಯುವ ಕಡೆ ಕರೆದುಕೊಂಡು ಹೋದ. ಪ್ರತಿ ಕಲ್ಲಿನ ಹಿಂದೆ ಒಂದು ಬುಟ್ಟಿಯಷ್ಟು ಶಾಂತ ನೀರಿರುತ್ತದೆ, ಅಲ್ಲೊಂದು ಮೀನು. ನೊರೆಯಲ್ಲಿ ಮೀನಿಗೆ ನಾವು ಕಾಣೋದು ಕಡಿಮೆ. ಎರಡು ಸಲ ಬೀಸು, ಸಿಗಲಿಲ್ಲವಾ, ಮುಂದಿನ ಕಲ್ಲಿಗೆ ಹೋಗು. ಆ ನೀರಿಗೆ ಬೇಕಾದದ್ದೇ ಅವಸರ. ಎರಡೇ ದಿನದಲ್ಲಿ ನಮ್ಮೆಲ್ಲರಿಗಿಂತ ಜಾಸ್ತಿ ಮೀನು ಅವನಿಗೇ ಬಿದ್ದವು, ಒಟ್ಟು ಒಂಬತ್ತು, ಎಲ್ಲ ಗೇಣುದ್ದದವು. ಈಗ ಎರಡು ವಾರದಿಂದ ನಮಗೆಲ್ಲ ಅವನೇ ಪಾಠ ಹೇಳುತ್ತಿದ್ದಾನೆ.

ಸರದಾರನನ್ನು ಗೈಡ್ ಸಂಜೆ ಮಡುವಿನ ಬಾಲದ, ಅಂದರೆ ನೀರು ಹೊರಹೋಗುವ ತುದಿಯ, ಹತ್ತಿರ ಕೂರಿಸಿದ. ಬಿಸಿಲು ಬೆಟ್ಟದ ಹಿಂದೆ ಹೋದ ಮೇಲೆ ಹುಳಗಳು ನೀರಿನಿಂದ ಎದ್ದು ಹಾರುತ್ತವೆ, ಮೀನು ಮೇಲೆ ಬಂದು ಒಂದೊಂದೇ ಹೆಕ್ಕುತ್ತದೆ. ಆಗ ಮಾತ್ರ ಆರು ಡಬ್ಬಿಗೆ ಅರ್ಥ ಬಂತು. ನನ್ನ ಫ್ಲೈ ದಪ್ಪಗಿತ್ತು, ಮೀನು ಹತ್ತಿರ ಬಂದು ಮೂಸಿ ವಾಪಸ್ ಹೋಯಿತು. ಅವನು ಸೊಳ್ಳೆ ಗಾತ್ರದ್ದೊಂದು ಕಟ್ಟಿ, ದೀಪದ ಬೆಳಕಿನಲ್ಲಿ ಎಂಜಲು ಹಚ್ಚಿ ಗಂಟು ಬಿಗಿದು, ಒಂದೇ ಸಲಕ್ಕೆ ಇಟ್ಟ. ಹದಿನಾಲ್ಕು ಇಂಚಿನದು, ಇಡೀ ಟ್ರಿಪ್‌ನ ದೊಡ್ಡದು. ಅವನು ಫೋಟೋ ತೆಗೆಯುವ ಮೊದಲು ಕೈ ಒದ್ದೆ ಮಾಡಿಕೊಂಡ, ಅದು ನನಗೆ ಇಷ್ಟವಾಯಿತು. ಒಣಗಿದ ಕೈಯಲ್ಲಿ ಹಿಡಿದರೆ ಟ್ರೌಟ್ ಮೈಯ ಲೋಳೆ ಹೋಗಿ ಆಮೇಲೆ ರೋಗ ತಗಲಬಹುದು. ನೆಟ್‌ನಲ್ಲಿ ಒಂದು ಕ್ಷಣ ಎತ್ತಿ, ಮೂತಿ ಹರಿವಿಗೆ ಹಿಡಿದು ಬಿಟ್ಟ.

ಮಾವನಿಗೆ ಮೂರನೇ ದಿನ ಗೈಡ್ ದಪ್ಪ ತುದಿದಾರ ಕಟ್ಟಿಕೊಟ್ಟ, ಸರದಾರನನ್ನು ಕೇಳದೆ. ಊಟಕ್ಕೆ ಮುಂಚೆ ಮೀನು ಬಿತ್ತು, ಮಾವ ಎಂದಿನಂತೆ ಮೈಯೆಲ್ಲ ಹಿಂದಕ್ಕೆ ಹಾಕಿ ಎಳೆದರು, ಅದು ನೀರಿನಿಂದ ಹಾರಿ ಅವರ ತಲೆ ದಾಟಿ ಹಿಂದಿನ ಹುಲ್ಲಿಗೆ ಬಿತ್ತು. ಅಂಗೈಯಷ್ಟು. ಅದನ್ನು ಒದ್ದೆ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿ, "ಇದಕ್ಕಾ ನಾವು ವಿಮಾನ ಹತ್ತಿ ಬಂದಿದ್ದು?" ಅಂದರು. ಆಮೇಲೆ ನೀರಿಗೆ ಬಿಟ್ಟು, ರಾತ್ರಿ ಊಟದ ಹೊತ್ತಿಗೆ ಅದನ್ನು ಮೊಳಕೈ ಉದ್ದ ಮಾಡಿದ್ದರು.

ಹೋಮ್‌ಸ್ಟೇ ಬಗ್ಗೆ ಜಾಸ್ತಿ ಹೇಳೋದಿಲ್ಲ. ರೂಮು ಚೊಕ್ಕ, ರಾಜ್ಮಾ ಅನ್ನ ಚೆನ್ನಾಗಿತ್ತು, ಸಿಡ್ಡು ಅಂತ ಹಬೆಯಲ್ಲಿ ಬೇಯಿಸಿದ ಹೂರಣದ ರೊಟ್ಟಿ ತುಪ್ಪದ ಜೊತೆ ಬಹಳ ಚೆನ್ನಾಗಿತ್ತು, ಬಿಸಿನೀರು ದಿನಕ್ಕೊಮ್ಮೆ. ಕೋಪ ಬಂದದ್ದು ವೇಡರ್ ವಿಷಯಕ್ಕೆ. ಬುಕ್ ಮಾಡುವಾಗ ಹೊಸದು ಅಂದಿದ್ದರು. ನನ್ನದರ ಬಲಗಾಲಿಗೆ ಮಂಡಿ ಹತ್ತಿರ ತೂತು. ತೀರ್ಥನ್ ನೀರು ಮಂಜಿನಿಂದ ಇಳಿದು ಬಂದದ್ದು, ಅಕ್ಟೋಬರ್‌ನಲ್ಲಿ ಬೆಳಿಗ್ಗೆ ಕಾಲಿಟ್ಟರೆ ಮೂಳೆಗೆ ಹೋಗುತ್ತದೆ. ವಾಪಸ್ ಬಂದು ಹೇಳಿದರೆ, ಸರ್ ನಿನ್ನೆವರೆಗೆ ಸರಿ ಇತ್ತು ಅಂದರು. ತೂತಿನ ಸುತ್ತ ಹಳೇ ಗೋಂದಿನ ಕಲೆ ಇತ್ತು, ತೋರಿಸಿದೆ. ಅರ್ಧ ಬಾಡಿಗೆ ವಾಪಸ್ ಕೊಟ್ಟರು, ಪೂರ್ತಿ ಕೊಡಬೇಕಿತ್ತು. ಬೂಟಿನ ತಳಕ್ಕೂ ಹಿಡಿತ ಸಾಲದು. ಪಾಚಿ ಹಿಡಿದ ಕಲ್ಲಿನ ಮೇಲೆ ಇಬ್ಬರು ಜಾರಿದೆವು, ಕೋಲೊಂದು ಕೈಯಲ್ಲಿರಲಿ.

ಹೋಗುವವರಿಗೆ: ಒಬ್ಬ ಗೈಡ್‌ಗೆ ನಾಲ್ಕು ಜನ ಜಾಸ್ತಿಯಾಯಿತು, ಇಬ್ಬರಾದರೆ ಸರಿ. ನಮ್ಮವನು ನಿಭಾಯಿಸಿದ, ಎಲ್ಲರೂ ನಿಭಾಯಿಸೋದಿಲ್ಲ. ಮಳೆಗಾಲದಲ್ಲಿ ರಸ್ತೆ ಕುಸಿಯುತ್ತದೆ, ನೀರು ಕೆಂಪಾಗುತ್ತದೆ, ಆಗ ಬೇಡ. ಮೇ, ಜೂನ್‌ನಲ್ಲಿ ಮೇಲೆ ಮಂಜು ಕರಗಿ ಮಧ್ಯಾಹ್ನದ ನೀರು ಕಲಕುತ್ತದೆ, ಬೆಳಿಗ್ಗೆ ಬೇಗ ಇಳಿಯಬೇಕು. ಮಾರ್ಚ್, ಏಪ್ರಿಲ್, ಅಕ್ಟೋಬರ್ ಒಳ್ಳೆಯದು. ಕೆಂಪು ಜಾಕೆಟ್ ಬೇಡ. ವೇಡರ್ ಬಾಡಿಗೆಗೆ ತೆಗೆದುಕೊಂಡರೆ ಹಿಂದಿನ ರಾತ್ರಿಯೇ ಕೇಳಿ ತರಿಸಿಕೊಂಡು, ರೂಮಿನ ದೀಪ ಆರಿಸಿ ಅದರೊಳಗೆ ಟಾರ್ಚ್ ಬಿಟ್ಟು ನೋಡಿ, ತೂತಿದ್ದರೆ ಚುಕ್ಕೆ ಹಾಗೆ ಬೆಳಕು ಕಾಣುತ್ತದೆ. ಇದನ್ನು ಹೇಳಿಕೊಟ್ಟದ್ದು ಸರದಾರ, ವಾಪಸ್ ಬರುವಾಗ, ಚಂಡೀಗಢ ವಿಮಾನ ನಿಲ್ದಾಣದಲ್ಲಿ. ಮೊದಲೇ ಯಾಕೋ ಹೇಳಲಿಲ್ಲ ಅಂದರೆ, ನೀನು ಮಾತಾಡಲು ಬಿಟ್ಟೆಯಾ ಅಂದ.